ಮಾಬ್ಲೇಶ್ವರನ ಎರಡನೆಯ ಬೋರ್ಡು

ಮಗಳ ಉಗುರುಬಣ್ಣದ ಶೀಶೆಯ ಮುಚ್ಚಳ ಬಿಚ್ಚಲು ಮಾಬ್ಲೇಶ್ವರನಿಗೆ ಐದು ನಿಮಿಷ ಹಿಡಿಯಿತು. ಧಾರವಾಡಕ್ಕೆ ಓದಲು ಹೋಗುವಾಗ ಮಾನಸಾ ಬಿಟ್ಟುಹೋಗಿದ್ದ ಶೀಶೆ. ಬಣ್ಣ ಒಣಗಿ ಮುಚ್ಚಳಕ್ಕೆ ಕಚ್ಚಿಕೊಂಡಿತ್ತು. ಕೊನೆಗೆ ಅದನ್ನು ಬಾಗಿಲ ಸಂದಿಗೆ ಸಿಕ್ಕಿಸಿ ತಿರುಗಿಸಿದ. ಬಾಗಿಲು ಕಿರ್ರೆಂದದ್ದಕ್ಕೆ ಒಳಗಿನಿಂದ ಹೆಂಡತಿ ವಿನುತಾ, “ಯಾರು ಬಂದ್ರು?” ಎಂದಳು. “ಯಾರೂ ಇಲ್ಲ,” ಎಂದ. ಹಾಗೆಂದ ತನ್ನ ದನಿ ತನಗೇ ಕಳ್ಳನ ದನಿಯಂತೆ ಕೇಳಿ ಬೇಸರವಾಯಿತು. ಬೆಳಗಿನ ಮಳೆ ಹೊಳವಾಗಿ ಹಟ್ಟಿಕೇರಿಯ ಮೇಲೆ ಎಳೆಬಿಸಿಲು ಬಿದ್ದಿತ್ತು. ನಲವತ್ತಾರು ವರ್ಷದ ಗಂಡಸೊಬ್ಬ ಭಾನುವಾರದ ದಿನ ಹಿತ್ತಿಲ ಜಗಲಿಯಲ್ಲಿ ಚಕ್ಕಳಮಟ್ಟೆ ಹಾಕಿ ಕೆಂಪು ಉಗುರುಬಣ್ಣ ಹಿಡಿದು ಕೂತದ್ದನ್ನು ಬೇಲಿಯಾಚೆಯವರು ಕಂಡರೆ ಏನು ಹೇಳಬೇಕೆಂದು ಅವನು ಮೊದಲೇ ಯೋಚಿಸಿಟ್ಟಿದ್ದ: ಕಾಲೇಜಿನ ಕೆಲಸ. ಈ ಎರಡು ಶಬ್ದಗಳಿಂದ ಇಪ್ಪತ್ತೆರಡು ವರ್ಷಗಳಲ್ಲಿ ಎಷ್ಟೋ ಮದುವೆ, ಮುಂಜಿ, ಸಂಘದ ಮೀಟಿಂಗುಗಳಿಂದ ಅವನು ಪಾರಾಗಿದ್ದ. ಇವತ್ತು ಮಾತ್ರ ಅದು ನಿಜವೂ ಆಗಿತ್ತು. ಎದುರಿಗೆ ಹಳೆಯ ಪೇಪರಿನ ಮೇಲೆ ಅಂಗೈಯಗಲದ ಎರಡು ಕಂದು ಹಲಗೆಗಳಿದ್ದವು, ಒಂದು ಮೈಗೆ ತೆಳ್ಳಗೆ ತಾಮ್ರ ಅಂಟಿಸಿದಂಥವು. ಎಲ್ಲೆಲ್ಲಿ ತಾಮ್ರ ಉಳಿಯಬೇಕೋ ಅಲ್ಲಿ ಬಣ್ಣದ ಗೆರೆ ಎಳೆಯುವುದು, ಆಮೇಲೆ ಫೆರಿಕ್ ಕ್ಲೋರೈಡಿನ ನೀರಿನಲ್ಲಿ ಮುಳುಗಿಸುವುದು. ಬಣ್ಣವಿಲ್ಲದ ಕಡೆಯ ತಾಮ್ರವನ್ನೆಲ್ಲ ನೀರು ತಿಂದುಹಾಕುತ್ತದೆ, ಬಣ್ಣದಡಿಯದು ಉಳಿದು ತಂತಿಯ ಕೆಲಸ ಮಾಡುತ್ತದೆ. ಇಷ್ಟೇ. ಇದನ್ನು ಅವನು ಎಷ್ಟೋ ಬ್ಯಾಚಿನ ಹುಡುಗರಿಗೆ ಬಾಯಲ್ಲಿ ಹೇಳಿದ್ದ. ಕೈಯಲ್ಲಿ ಒಮ್ಮೆಯೂ ಮಾಡಿರಲಿಲ್ಲ.

ಎಲ್ಲಕ್ಕೂ ಮೂಲ ಎರಡು ‘ಹೂಂ’ಗಳು. ಹೋದ ತಿಂಗಳು ಮನೆಯ ಟಾಂಕಿಗೆಂದು ಹುಬ್ಬಳ್ಳಿಯ ಅಂಗಡಿಯಿಂದ ಒಂದು ಬೋರ್ಡು ತಂದಿದ್ದ. ನೀರು ತುಂಬಿ ಎರಡು ತಂತಿಗೆ ತಾಗಿದೊಡನೆ ಕೀಂಯೆಂದು ಕೂಗುವ ಸರ್ಕ್ಯೂಟಿನದು. ಬಿಡಿಭಾಗ ಕೂರಿಸಿ ಬೆಸುಗೆ ಹಾಕಿದ್ದು ಅವನೇ. ಕಾರವಾರದ ಕಾಲೇಜಿನ ಲ್ಯಾಬಿನಲ್ಲಿ ಅದನ್ನು ಒಂದು ಲೋಟ ನೀರಿಗೆ ಹಿಡಿದು ನೋಡುತ್ತಿದ್ದಾಗ ಹೊಸದಾಗಿ ಬಂದ ಲೆಕ್ಚರರ್ ವಿಜೇತಾ ಹಿಂದೆ ನಿಂತಿದ್ದಳು. “ನೀವೇ ಮಾಡಿದ್ದಾ?” ಎಂದಳು. ಹೂಂ ಎಂದ. ಆ ಹೂಂ ಸುಳ್ಳಲ್ಲ, ಬೆಸುಗೆ ಅವನದೇ ತಾನೆ. “ಬೋರ್ಡ್ ಕೂಡ? ಮನೇಲೇ?” ಎರಡನೆಯ ಹೂಂ ಹೇಗೆ ಹೊರಬಿತ್ತೆಂದು ಅವನಿಗೆ ಇಂದಿಗೂ ತಿಳಿಯದು. ಮೊದಲನೆಯದರ ಬೆನ್ನಿಗೆ ಅಂಟಿಕೊಂಡು ಬಂದಿರಬೇಕು. ಅದನ್ನು ಅಲ್ಲೇ ನುಂಗಿ, ಇಲ್ಲ ಮೇಡಂ ತಮಾಷೆಗೆ ಅಂದೆ ಎನ್ನುವಷ್ಟರಲ್ಲಿ ಕಿಟಕಿಯ ಬಳಿಯಿದ್ದ ವಿದ್ಯಾರ್ಥಿಯೊಬ್ಬ, “ಸರ್, ನಮಗೂ ತೋರ್ಸಿ ಸರ್,” ಎಂದುಬಿಟ್ಟ. ಲ್ಯಾಬ್ ಸಹಾಯಕನಾಗಿ ಇಪ್ಪತ್ತೆರಡು ವರ್ಷ ಎಲ್ಲರಿಗೂ ಅವನು ಅಣ್ಣ. ಅಣ್ಣಾ ವೋಲ್ಟ್‌ಮೀಟರ್ ಕೊಡಿ, ಅಣ್ಣಾ ಫ್ಯೂಸ್ ಹೋಯ್ತು, ಅಣ್ಣಾ ಕೀಲಿ ಎಲ್ಲಿ. ಅಣ್ಣನೆನ್ನುವುದರಲ್ಲಿ ತಪ್ಪೇನೂ ಇಲ್ಲ, ಪ್ರೀತಿಯ ಶಬ್ದವೇ. ಆದರೂ ಆ ‘ಸರ್’ ಕಿವಿಗೆ ಬಿದ್ದಾಗ ಬೆನ್ನು ತಾನಾಗಿ ನೆಟ್ಟಗಾಯಿತು. ಮೂರು ದಿನ ಬಸ್ಸಿನಲ್ಲಿ ಹೋಗಿ ಬರುವಾಗಲೂ ಹಾಗೇ ನೆಟ್ಟಗೆ ಕೂತಿದ್ದ, ಸೊಂಟ ನೋವು ಬಂತು. ವಿಜೇತಾ ಆ ಬೋರ್ಡನ್ನು ಲ್ಯಾಬಿನ ಗಾಜಿನ ಕಪಾಟಿನಲ್ಲಿಟ್ಟು ದುಂಡಗಿನ ಅಕ್ಷರದಲ್ಲಿ ಅವನ ಹೆಸರಿನ ಚೀಟಿ ಅಂಟಿಸಿದಳು. ಸಾಲದ್ದಕ್ಕೆ ನೋಟೀಸು ಬೋರ್ಡಿನಲ್ಲಿ ಬರೆದಳು: ಸೋಮವಾರ, ಮನೆಯಲ್ಲೇ ಸರ್ಕ್ಯೂಟ್ ಬೋರ್ಡ್ ತಯಾರಿಕೆ, ವಿವರಣೆ ಶ್ರೀ ಮಾಬ್ಲೇಶ್ವರ. “ಭಾನುವಾರ ಇನ್ನೊಂದು ಮಾಡ್ಕೊಂಡು ಬನ್ನಿ, ಹೇಗೆ ಮಾಡಿದ್ರಿ ಅಂತ ಮಕ್ಕಳಿಗೆ ಹೇಳಿ, ಸಾಕು,” ಎಂದು ಸ್ಟೋರಿನಿಂದ ಎರಡು ಹಲಗೆಯನ್ನೂ ಕೆಮಿಸ್ಟ್ರಿಯವರಿಂದ ಒಂದು ಡಬ್ಬಿ ಫೆರಿಕ್ ಕ್ಲೋರೈಡನ್ನೂ ತಾನೇ ಕೊಡಿಸಿದಳು. ಎರಡನೆಯ ಹೂಂ ಹೀಗೆ ಬೆಳೆದು ಮನೆಯ ಹಿತ್ತಿಲವರೆಗೆ ಬಂದು ಕೂತಿತ್ತು.

ಮೊದಲನೆಯ ಹಲಗೆಯ ಮೇಲೆ ಗೆರೆ ಎಳೆಯುವಾಗ ಅವನಿಗೆ ಸಂತೋಷವೇ ಆಯಿತು. ಕೈ ನಡುಗಲಿಲ್ಲ. ಬೆಳಿಗ್ಗೆ ತಿಂದ ದೋಸೆಯ ಕೊಬ್ಬರಿ ಎಣ್ಣೆ ಬೆರಳಿಗೆ ಇನ್ನೂ ಹತ್ತಿಕೊಂಡಿತ್ತು, ಅದನ್ನು ಪಂಚೆಗೆ ಒರೆಸಿ ಒರೆಸಿ ಬರೆದ. ಪ್ಲಾಸ್ಟಿಕ್ ಬೋಗುಣಿಯಲ್ಲಿ ಫೆರಿಕ್ ಕ್ಲೋರೈಡ್ ಕಲಸಿ ಬಾವಿಕಟ್ಟೆಯ ಮೇಲೆ ಬಿಸಿಲಿಗಿಟ್ಟು, ಅದರಲ್ಲಿ ಹಲಗೆ ಮುಳುಗಿಸಿ, ಬೋಗುಣಿಯನ್ನು ಮೆಲ್ಲಗೆ ತೂಗುತ್ತ ಕುಕ್ಕರಗಾಲಲ್ಲಿ ಕೂತ. ಮಾನಸಾಳ ತೊಟ್ಟಿಲನ್ನು ಕೂಡ ಇಷ್ಟು ಶ್ರದ್ಧೆಯಿಂದ ತೂಗಿರಲಿಲ್ಲವೆಂದು ನೆನಪಾಗಿ ಸ್ವಲ್ಪ ನಾಚಿಕೆಯಾಯಿತು. ಆಗ ರಾತ್ರಿ ಎದ್ದದ್ದೆಲ್ಲ ವಿನುತಾ. ಅವನು ಗೊರಕೆ ಹೊಡೆಯುತ್ತಿದ್ದವನಂತೆ ಮಲಗಿರುತ್ತಿದ್ದ, ಎಚ್ಚರವಿದ್ದೂ. ಅದನ್ನು ಅವಳಿಗೆ ಹೇಳಿಲ್ಲ. ಹೇಳದಿರುವುದರ ಪಟ್ಟಿ ಮಾಡುತ್ತ ಕೂತರೆ ಬೋಗುಣಿಯ ನೀರೂ ಆರೀತು. ಅಷ್ಟರಲ್ಲಿ ನೀರಿನ ಮೇಲೆ ಒಂದು ಕೆಂಪು ಎಳೆ ತೇಲಿತು. ಅದರ ಹಿಂದೆ ಇನ್ನೊಂದು. ಅವನು ನೋಡುತ್ತಿದ್ದಂತೆಯೇ ಉಗುರುಬಣ್ಣದ ಗೆರೆಗಳೆಲ್ಲ ಒಂದೊಂದಾಗಿ ಹಲಗೆಯನ್ನು ಬಿಟ್ಟು ಎದ್ದು ಬಂದವು. ಅರ್ಧ ತಾಸಿನ ಮೇಲೆ ತೆಗೆದು ತೊಳೆದರೆ ಕೈಯಲ್ಲಿ ಉಳಿದದ್ದು ಬರೀ ಕಂದು ಹಲಗೆ, ತಾಮ್ರದ ಸುಳಿವೂ ಇಲ್ಲ. ಊಟಕ್ಕೆ ಕರೆದ ವಿನುತಾ ಅದನ್ನು ತಿರುಗಿಸಿ ನೋಡಿ, “ಆತಾ?” ಎಂದಳು. ಪಾಪ, ಅವಳು ನಿಜವಾಗಿಯೇ ಕೇಳಿದ್ದು.

“ಆಗ್ಲಿಲ್ಲ. ಇನ್ನೊಂದು ಅದೆ.”

“ಹೋದ್ ತಿಂಗ್ಳು ಹುಬ್ಬಳ್ಳಿಂದ ತಂದದ್ದು ಇತ್ತಲ್ರಾ, ಅದನ್ನೇ ತೋರ್ಸೂಕೆ ಆಗೂದಿಲ್ವಾ?”

ಅನ್ನಕ್ಕೆ ಒಣಸೀಗಡಿ ಚಟ್ನಿ ಕಲಸುತ್ತಿದ್ದ ಅವನ ಕೈ ನಿಂತಿತು. ಜಗತ್ತಿನಲ್ಲಿ ಆ ಸತ್ಯ ಗೊತ್ತಿರುವ ಇನ್ನೊಂದು ಜೀವ ತನ್ನ ಎದುರಿಗೇ ಕೂತು ಉಪ್ಪಿನಕಾಯಿ ಬಡಿಸುತ್ತಿದೆ ಎಂಬುದನ್ನು ಅವನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕಾಲೇಜಿನ ಗ್ಯಾದರಿಂಗಿಗೆ ಇವಳು ಬಂದು ವಿಜೇತಾಳ ಪಕ್ಕ ಕೂತರೆ? ಇಬ್ಬರೂ ಮಾತಿನವರು. “ಅದು ಬೇರೆ, ಇದು ಬೇರೆ,” ಎಂದು ಗಂಭೀರವಾಗಿ ಹೇಳಿ ಮಜ್ಜಿಗೆ ಸುರಿದುಕೊಂಡ.

ಊಟದ ಮೇಲೆ ಎರಡನೆಯ ಹಲಗೆ ಹಿಡಿದು ಹಿತ್ತಿಲಿಗೆ ಬಂದವನು ಅಲ್ಲೇ ಕಲ್ಲಾದ. ಬಾವಿಕಟ್ಟೆಯ ಬಳಿ ಅತ್ತೆ ಗೋದಾವರಿ ಕೂತಿದ್ದಳು. ದೇವಬಾಗದಿಂದ ನಿನ್ನೆ ಬಂದವಳು. ಮೂರು ದಿನಕ್ಕೆ ನೂಲ ಹುಣ್ಣಿಮೆ, ಗಂಡುಮಕ್ಕಳ ದೋಣಿ ಇಳಿಸುವ ಮೊದಲು ಸಮುದ್ರಪೂಜೆ, ಅದಕ್ಕೆ ಮಗಳು ಅಳಿಯನನ್ನು ಕರೆಯಲು ಬಂದಿದ್ದಳು. ಬಂದ ಮನೆಯಲ್ಲಿ ಸುಮ್ಮನೆ ಕೂತು ಗೊತ್ತಿಲ್ಲದ ಜೀವ. ಮನೆಯ ತಾಮ್ರ ಹಿತ್ತಾಳೆಯನ್ನೆಲ್ಲ ಬಾವಿಕಟ್ಟೆಗೆ ಹೊತ್ತು ತಂದು ಬೂದಿ ಹಚ್ಚಿ ಸಾಲಾಗಿ ಮಲಗಿಸಿದ್ದಳು. ಮುರುಗಲ ಹಣ್ಣಿನ ಹುಳಿಸಿಪ್ಪೆ ನೆನೆಹಾಕಿದ ಕಂದುಗೆಂಪು ನೀರಲ್ಲಿ ಅದ್ದಿ ತಿಕ್ಕಿದರೆ ತಾಮ್ರ ಹೊಳೆಯುತ್ತದೆಂದು ಈ ಕರಾವಳಿಯ ಯಾವ ಹೆಂಗಸಿಗೂ ಹೇಳಿಕೊಡಬೇಕಾಗಿಲ್ಲ. ಕಂದುಗೆಂಪು ನೀರು ಬೋಗುಣಿಯಲ್ಲಿ ತಯಾರಾಗಿಯೇ ಇತ್ತು. ಅದರಲ್ಲಿ ಅವನ ಮದುವೆಯ ತಂಬಿಗೆ ಅಡ್ಡ ಮಲಗಿತ್ತು, ಅರ್ಧ ಒಳಗೆ, ಅರ್ಧ ಹೊರಗೆ.

“ಅತ್ತೇ, ಕೈ! ಕೈ ತೆಗೀರಿ!”

“ಎಂತಾ ಆತು ಮಾನಸಾನ ಅಪ್ಪಾ? ವಿನುತಾ ಮುರುಗಲ ನೀರು ಮಾಡಿಟ್ಟೀಳು, ಭಾರಿ ಚಲೋ ಅದೆ. ನೀವು ಊಟಕ್ಕೆ ಹೋದ ಕೂಡ್ಲೆ ಹಾಕಿಟ್ಟಿದ್ದೆ.”

ಅವನು ಓಡಿಬಂದು ಅವಳ ಕೈ ಹಿಡಿದು ಸಾಬೂನು ಹಚ್ಚಿ ಕೊಡಗಟ್ಟಲೆ ನೀರು ಹೊಯ್ದ. ಮದುವೆಯಾಗಿ ಇಪ್ಪತ್ತೊಂದು ವರ್ಷದಲ್ಲಿ ಅಳಿಯ ಅತ್ತೆಯ ಕೈ ಮುಟ್ಟಿದ್ದು ಅದೇ ಮೊದಲು, ಇಬ್ಬರಿಗೂ ಮುಜುಗರ. ಬೆರಳುಗಳು ಅರಿಸಿನ ಅರೆದವಳ ಬೆರಳಿನಂತೆ ಹಳದಿಯಾಗಿದ್ದವು, ಉರಿ ಇರಲಿಲ್ಲ. “ಅದು ಮುರುಗಲು ಅಲ್ಲ, ಕಾಲೇಜಿನ ಔಷಧ. ತಾಮ್ರಾನೇ ತಿಂತದೆ,” ಎಂದ. ಗೋದಾವರಿ ತಂಬಿಗೆ ಎತ್ತಿ, ತೊಳೆದು, ಬಿಸಿಲಿಗೆ ಹಿಡಿದಳು. ಮುಳುಗಿದ್ದ ಅರ್ಧ ಹೊಳಪಿಲ್ಲದ ನಸುಗೆಂಪು ಬಣ್ಣಕ್ಕೆ ತಿರುಗಿತ್ತು. ಅದರ ಕಂಠದ ಕೆಳಗೆ ಚುಕ್ಕಿ ಹೊಡೆದು ಬರೆಸಿದ್ದ ಅಕ್ಷರಗಳನ್ನು ಅವಳು ಬೆರಳಿನಿಂದ ತಡವಿದಳು. ಓದಲು ಬಾರದಿದ್ದರೂ ಆ ಸಾಲು ಅವಳಿಗೆ ಬಾಯಿಪಾಠ, ಬರೆಸಿದವಳು ಅವಳೇ.

“ಇಲ್ಲಿ ನಿಮ್ ಹೆಸ್ರು ಇತ್ತು. ಅದೇ ಹೋಗ್ಯದೆ,” ಎಂದಳು. ಮತ್ತೆ ಆ ಕಡೆ ತಡವಿ, “ವಿನುತಾಂದು ಉಳದದೆ,” ಎಂದು ಸಮಾಧಾನದ ಉಸಿರುಬಿಟ್ಟಳು.

ಮಾಬ್ಲೇಶ್ವರ ತಂಬಿಗೆಯನ್ನು ಕೈಗೆ ತೆಗೆದುಕೊಂಡು ನೋಡಿದ. ಹೆಸರು ಹೋಗುವುದಾದರೆ ಸೋಮವಾರ ಹೋಗಬೇಕಿತ್ತು, ಗಾಜಿನ ಕಪಾಟಿನಿಂದ. ತಂಬಿಗೆಯಿಂದಲೂ ಒಂದು ದಿನ ಮುಂಚಿತವಾಗಿ ಹೋಗುವಂಥ ಅವಸರವೇನಿತ್ತು? ತಪ್ಪು ತನ್ನದು, ಮುಚ್ಚದೆ ಇಟ್ಟವನು ತಾನು ಎಂದು ಹೇಳಲು ಹೊರಟವನು ಹೇಳುತ್ತ ಹೇಳುತ್ತ ಎಲ್ಲವನ್ನೂ ಹೇಳಿಬಿಟ್ಟ: ಹುಬ್ಬಳ್ಳಿಯ ಬೋರ್ಡು, ಎರಡು ಹೂಂ, ಕಪಾಟು, ನೋಟೀಸು. ಹೆಂಡತಿಗೆ ಹೇಳದ್ದನ್ನು ಅತ್ತೆಗೆ ಹೇಳುತ್ತಿದ್ದೇನಲ್ಲ ಎಂದು ನಡುವೆ ಅನ್ನಿಸಿತು, ಆದರೆ ನಿಲ್ಲಿಸಲಾಗಲಿಲ್ಲ. ನಲವತ್ತು ವರ್ಷ ಕಾರವಾರದ ಪೇಟೆಯಲ್ಲಿ ಮೀನು ಮಾರಿದ ಗೋದಾವರಿಗೆ ಈ ಕತೆಯಲ್ಲಿ ಪಾಪವೇನೂ ಕಾಣಿಸಿದಂತೆ ತೋರಲಿಲ್ಲ. ನಿನ್ನಿನ ಮೀನನ್ನು ಇವತ್ತಿನದೆಂದು ಎಷ್ಟು ಸಲ ಹೇಳಿದ್ದಳೋ. ಅವಳ ಕಣ್ಣೆಲ್ಲ ಆ ಬೋಳು ಹಲಗೆಯ ಮೇಲಿತ್ತು.

“ಬಣ್ಣ ಎದ್ದು ಬಂತು ಅಂದ್ರಿ. ಗೆರೆ ಬರಿಯೂಕಿಂತ ಮುಂಚೆ ತಿಕ್ಕಿದ್ರಾ?”

“ಹೊಸಾದೇ ಅಲ್ಲವಾ, ಒರೆಸಿದ್ದೆ.”

“ಎಂತದ್ರಲ್ಲಿ? ಪಂಚೇಲಾ?” ಅವಳು ಅವನ ಪಂಚೆಯನ್ನು ನೋಡಿದ ರೀತಿಗೆ ಅವನು ಅದನ್ನು ಮೊಣಕಾಲಿನ ಮೇಲೆ ಎಳೆದುಕೊಂಡ. “ಎಣ್ಣೆ ಕೈಲಿ ಮುಟ್ಟಿದ ತಾಮ್ರಕ್ಕೆ ಕುಂಕುಮಾನೂ ನಿಲ್ಲೂದಿಲ್ಲ. ಕೊಡಿ ಇಲ್ಲಿ.”

ಒಳಗಿನಿಂದ ನಿಜವಾದ ಮುರುಗಲ ಸಿಪ್ಪೆ ತಂದಳು. ಬೂದಿ ಹಾಕಿ, ಸಿಪ್ಪೆ ಒತ್ತಿ, ತೆಂಗಿನ ನಾರಿನಿಂದ ಎರಡನೆಯ ಹಲಗೆಯನ್ನು ತಿಕ್ಕಿದಳು. ತೊಳೆದು ಓರೆಯಾಗಿ ಹಿಡಿದು, ನೀರು ಹನಿಹನಿಯಾಗಿ ನಿಂತರೆ ಇನ್ನೂ ಜಿಡ್ಡಿದೆ, ಹಾಳೆಯಂತೆ ಹರಿದು ಹೋದರೆ ಆಯಿತು ಎಂದು ತೋರಿಸಿದಳು. ಮೂರು ಸಲ ತಿಕ್ಕಿದ ಮೇಲೆ ನೀರು ಹಾಳೆಯಂತೆ ಹರಿಯಿತು. ಅಂಚಿನಲ್ಲಿ ಮಾತ್ರ ಹಿಡಿದು ಕೊಟ್ಟಳು, “ಇನ್ನು ಮೈ ಮುಟ್ಟಬೇಡಿ.” ಪುಸ್ತಕದಲ್ಲಿ ‘ಮೇಲ್ಮೈಯನ್ನು ಸ್ವಚ್ಛಗೊಳಿಸಿ’ ಎಂದಷ್ಟೇ ಇತ್ತು. ಆ ಸಾಲನ್ನು ಅವನು ಇಪ್ಪತ್ತೆರಡು ವರ್ಷ ಉರುಹೊಡೆದು ಹೇಳಿದ್ದ.

ಈ ಸಲ ಹೆದರಿ ಹೆದರಿ, ನಿಂತು ನಿಂತು ಗೆರೆ ಎಳೆದ. ಇರುವುದು ಇದೊಂದೇ ಹಲಗೆ. ಗೆರೆಗಳು ಅಂಕುಡೊಂಕಾದವು, ಒಂದು ಕಡೆ ಬಣ್ಣದ ಗುಡ್ಡೆ, ಇನ್ನೊಂದು ಕಡೆ ಎರಡು ಗೆರೆ ಮುತ್ತಿಡುವಷ್ಟು ಹತ್ತಿರ. ಸೂಜಿಯಿಂದ ನಡುವೆ ಗೀರಿ ಬಿಡಿಸಿದ. ಬೋಗುಣಿ ತೂಗುವಾಗ ಅತ್ತೆ ಎದುರಿಗೇ ಮಣೆ ಹಾಕಿ ಕೂತಳು. ತಂಬಿಗೆಯನ್ನು ತಿಂದು ಹೊಟ್ಟೆ ತುಂಬಿದ್ದ ನೀರು ಈಗ ಆತುರ ತೋರಲಿಲ್ಲ, ಒಂದೂವರೆ ತಾಸು ಹಿಡಿಯಿತು. ಅಷ್ಟು ಹೊತ್ತೂ ಕೆಂಪು ಗೆರೆ ಒಂದೂ ಅಲುಗಲಿಲ್ಲ. ಕೊನೆಗೆ ತೆಗೆದು ತೊಳೆದು, ಮಾನಸಾಳದೇ ಬಣ್ಣ ತೆಗೆಯುವ ನೀರಿನಲ್ಲಿ ಒರೆಸಿದಾಗ ಕೆಂಪಿನ ಅಡಿಯಿಂದ ತಾಮ್ರದ ಗೆರೆಗಳು ಹೊರಬಂದವು, ಅವನು ಎಳೆದ ಹಾಗೇ, ಸೊಟ್ಟಗೆ ಸೊಟ್ಟಗೆ. ಇಷ್ಟಕ್ಕೆಲ್ಲ ಅಳುವುದೇ ಎಂದು ಮುಖ ತಿರುಗಿಸಿ ಬಾವಿಯೊಳಗೆ ಇಣುಕಿದ. “ನೀರು ಮೇಲೆ ಬಂದದೆ,” ಎಂದ, ಮಳೆಗಾಲದಲ್ಲಿ ನೀರು ಮೇಲೆ ಬಂದದ್ದನ್ನು ಯಾರೂ ಕೇಳಿರದಿದ್ದರೂ.

ಸಂತೋಷ ಚಹಾ ಆಗುವವರೆಗೆ ಉಳಿಯಿತು. ಕೈ ಡ್ರಿಲ್ಲಿನಿಂದ ತೂತು ಕೊರೆದು, ಎಂಟು ಕಾಲಿನ ಪುಟ್ಟ ಕರಿಚಿಪ್ಪು ಐಸಿಯನ್ನು ಮೇಲಿನಿಂದ ಕೂರಿಸಿ ನೋಡಿದರೆ ಒಂದನೆಯ ಕಾಲಿಗೆ ಹೋಗಬೇಕಾದ ಗೆರೆ ಎಂಟನೆಯದಕ್ಕೆ, ಎರಡನೆಯದರದು ಏಳಕ್ಕೆ. ಗೆರೆ ಇರುವುದು ಹಲಗೆಯ ಕೆಳಮೈಯಲ್ಲಿ, ಐಸಿ ಕೂರುವುದು ಮೇಲೆ. ಆದ್ದರಿಂದ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ಮಾಡಿ ಎಳೆಯಬೇಕು. ಇದನ್ನು ಕೂಡ ಅವನು ಪ್ರತಿ ಬ್ಯಾಚಿಗೂ ಹೇಳುತ್ತಿದ್ದ, ಬೆರಳೆತ್ತಿ, ಇಲ್ಲೇ ಎಲ್ಲರೂ ತಪ್ಪೋದು ಎಂದು ಎಚ್ಚರಿಸಿ. ಜಗಲಿಯ ಮೆಟ್ಟಿಲಲ್ಲಿ ಕೂತು ಎಷ್ಟೋ ಹೊತ್ತು ಹಲಗೆಯನ್ನೇ ನೋಡಿದ. ರಜೆ ಹಾಕಬಹುದು. ಜ್ವರ ಎನ್ನಬಹುದು. ಅತ್ತೆಗೆ ಜ್ವರ ಎನ್ನಬಹುದು, ಅದು ಇನ್ನೂ ಗಟ್ಟಿ ಕಾರಣ. ಅತ್ತೆ ಅಷ್ಟರಲ್ಲಿ ಚಹಾದ ಲೋಟ ತಂದು ಪಕ್ಕದಲ್ಲಿಟ್ಟು, ಗೆರೆಗಳಿರುವ ಮೈಯನ್ನು ಮೇಲೆ ಮಾಡಿ ಹಲಗೆಯನ್ನು ಕಂಬಕ್ಕೊರಗಿಸಿ ನಿಲ್ಲಿಸಿದಳು. “ಚಂದ ಇರೂ ಕಡೆ ಕೆಳಗೆ ಯಾಕೆ?” ಎಂದಳು. ಅವಳು ಅಂದದ್ದು ಅಷ್ಟೇ, ಅರ್ಥವೂ ಅಷ್ಟೇ. ಮಾಬ್ಲೇಶ್ವರ ಚಹಾ ಅಲ್ಲೇ ಬಿಟ್ಟು ಎದ್ದ. ಮೇಲೆ ಕೂರಬೇಕೆಂದು ಯಾರು ಹೇಳಿದ್ದು? ಐಸಿಯನ್ನು ಗೆರೆಗಳ ಕಡೆಗೇ ಕೂರಿಸಿದರೆ ಒಂದು ಒಂದಕ್ಕೇ, ಎರಡು ಎರಡಕ್ಕೇ. ಎಲ್ಲ ಬಿಡಿಭಾಗಗಳನ್ನೂ ತಾಮ್ರದ ಮೈಯ ಮೇಲೆಯೇ, ಜಾಗವಿಲ್ಲದ ಕಡೆ ಕಾಲು ಮಡಚಿ, ಓರೆ ಕೂರಿಸಿ, ಬೆರಳು ಎರಡು ಸಲ ಸುಟ್ಟುಕೊಂಡು ಬೆಸುಗೆ ಹಾಕಿದ. ದೀಪ ಹಚ್ಚುವ ಹೊತ್ತಿಗೆ ಅತ್ತೆ ಹಿಡಿದ ಚೆಂಬಿನ ನೀರಿಗೆ ಎರಡು ತಂತಿ ಇಳಿಬಿಟ್ಟಾಗ ಅದು ಕೀಂಯೆಂದು ಕೂಗಿತು. ವಿನುತಾ ಒಳಗಿನಿಂದ, “ಯಾರ್ ಮನೆ ಬೆಕ್ಕದು?” ಎಂದಳು.

ಸೋಮವಾರ ಬೆಳಗಿನ ಬಸ್ಸಿನಲ್ಲಿ ಬೋರ್ಡನ್ನು ಕರವಸ್ತ್ರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಹೆದರಿಕೆ ಈಗ ಒಂದೇ: ಎರಡನ್ನೂ ಒಟ್ಟಿಗೆ ಕಂಡರೆ ವಿಜೇತಾಗೆ ತಿಳಿದುಬಿಡುತ್ತದೆ. ಒಂದು ಪಾಕೀಟಿನ ಬ್ರೆಡ್ಡಿನಷ್ಟು ನೀಟು, ಇನ್ನೊಂದು ಹೀಗೆ. ಒಂದೇ ಕೈಯ ಕೆಲಸವೆಂದು ಕುರುಡನೂ ನಂಬಲಾರ. ಅರ್ಗಾ ದಾಟುವಾಗ ತಪ್ಪೊಪ್ಪಿಕೊಳ್ಳುವುದೆಂದೂ, ಬಿಣಗಾ ಬರುವಾಗ ಬೇಡವೆಂದೂ, ಕಾರವಾರದ ಸ್ಟ್ಯಾಂಡಿನಲ್ಲಿ ಇಳಿಯುವಾಗ ಕೇಳಿದರೆ ಮಾತ್ರ ಎಂದೂ ತೀರ್ಮಾನಿಸಿದ. ಆದರೆ ಲ್ಯಾಬಿನಲ್ಲಿ ಹದಿನೆಂಟು ವಿದ್ಯಾರ್ಥಿಗಳ ಎದುರು ಬಾಯಿ ತೆರೆದಾಗ ಹೆದರಿಕೆ ಎಲ್ಲಿ ಹೋಯಿತೋ. ಎಣ್ಣೆ ಬೆರಳಿನ ಕತೆ ಹೇಳಿದ, ನೀರು ಹಾಳೆಯಂತೆ ಹರಿಯುವುದನ್ನು ಕೈಯಲ್ಲಿ ಮಾಡಿ ತೋರಿಸಿದ, ಎಡಬಲ ತಪ್ಪಿದ್ದನ್ನು ಹೇಳಿ ತಾನೇ ಮೊದಲು ನಕ್ಕ. ಹುಡುಗಿಯರು ಬರೆದುಕೊಂಡರು. ಲೋಟದ ನೀರಿಗೆ ತಂತಿ ತಾಗಿಸಿದಾಗ ಬೋರ್ಡು ಕೂಗಿತು, ಹಿಂದಿನ ಬೆಂಚಿನವರು ಚಪ್ಪಾಳೆ ಹೊಡೆದರು.

ವಿಜೇತಾ ಗಾಜಿನ ಕಪಾಟು ತೆರೆದು ಮೊದಲನೆಯ ಬೋರ್ಡನ್ನು ತಂದು ಇದರ ಪಕ್ಕದಲ್ಲಿಟ್ಟಳು. ಅವಳು ಎರಡನ್ನೂ ಬಗ್ಗಿ ನೋಡಿದಳು. ಅವಳ ಮುಖದಲ್ಲಿ ಅನುಮಾನದ ಎಳೆಯೂ ಮೂಡಲಿಲ್ಲ. ಗೆದ್ದೆ, ಮುಗಿಯಿತು, ಇನ್ನು ಜನ್ಮಪೂರ್ತಿ ಯಾರೂ ಕೇಳುವುದಿಲ್ಲ ಎಂದು ಅವನು ಉಸಿರುಬಿಡುತ್ತಿದ್ದಾಗ ಅವಳು ಪ್ರೀತಿಯಿಂದಲೇ ಹೇಳಿದಳು, “ಎರಡೂ ಚೆನ್ನಾಗಿದೆ. ಆದ್ರೆ ಮೊದಲನೇದು ಎಷ್ಟು ಅಚ್ಚುಕಟ್ಟು ನೋಡಿ! ಇದರಲ್ಲಿ ಸ್ವಲ್ಪ ಅವಸರ ಮಾಡಿದ್ರಿ ಅನ್ಸುತ್ತೆ. ಕಪಾಟಿನಲ್ಲಿ ಅದೇ ಇರಲಿ ಅಲ್ವಾ?”

ಮಾಬ್ಲೇಶ್ವರ ಹೂಂ ಎನ್ನಬಹುದಿತ್ತು. ಬಾಯಿ ಅದಕ್ಕೆ ತಯಾರಾಗಿಯೂ ಇತ್ತು. ಆದರೆ ಎಂಥದೋ ಉರಿ ಎದ್ದಿತು, ಮಗುವನ್ನು ಪಕ್ಕದ ಮನೆಯ ಮಗುವಿಗೆ ಹೋಲಿಸಿ ಬೈದರೆ ಏಳುವಂಥ ಉರಿ. ಆ ಹುಬ್ಬಳ್ಳಿಯದು! ಯಾರೋ ಯಂತ್ರಕ್ಕೆ ಕೊಟ್ಟು, ಯಂತ್ರ ಉಗುಳಿದ್ದು. ಅದಕ್ಕೆ ಯಾರೂ ಬೆರಳು ಸುಟ್ಟುಕೊಳ್ಳಲಿಲ್ಲ, ಯಾರೂ ಒಂದೂವರೆ ತಾಸು ತೂಗಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ತನ್ನ ಕೈಯಿಂದ ಆದದ್ದು ಒಂದು, ಅದು ಬೆಂಚಿನ ಮೇಲೆ ಬಿದ್ದಿದೆ; ತನ್ನದಲ್ಲದ್ದು ತನ್ನ ಹೆಸರು ಅಂಟಿಸಿಕೊಂಡು ಕಪಾಟಿಗೆ ಹೋಗುತ್ತಿದೆ.

“ಅದು ನಾ ಮಾಡಿದ್ದೇ ಅಲ್ಲ ಮೇಡಂ,” ಎಂದ. ದನಿ ಅವನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು. “ಅಂಗಡೀದು. ದುಡ್ಡು ಕೊಟ್ರೆ ಯಾರಿಗಾದ್ರೂ ಸಿಗ್ತದೆ.”

ಬರೆದುಕೊಳ್ಳುತ್ತಿದ್ದ ಹುಡುಗಿಯರ ಪೆನ್ನುಗಳು ನಿಂತವು. ವಿಜೇತಾ ಅವನನ್ನು, ಬೋರ್ಡನ್ನು, ತಾನೇ ಬರೆದ ಚೀಟಿಯನ್ನು ಒಂದೊಂದಾಗಿ ನೋಡಿದಳು. ಅವಳ ಮುಖ ಕೆಂಪಾಯಿತು.

“ಅಂದ್ರೆ ಅವತ್ತು ನನಗೆ ಸುಳ್ಳು ಹೇಳಿದ್ರಾ?”

“ಹೇಳಿದ್ದೆ ಮೇಡಂ. ಅದಕ್ಕೆ ಎಷ್ಟ್ ಬೇಕಾದ್ರೂ ಬೈಯಿರಿ, ನಿಂತು ಕೇಳ್ತೆ,” ಎಂದ ಮಾಬ್ಲೇಶ್ವರ, ಸೊಟ್ಟಗೆರೆಯ ಬೋರ್ಡನ್ನು ಅಂಗೈಯಲ್ಲಿ ಎತ್ತಿ ಅವಳ ಮುಂದೆ ಹಿಡಿದು. “ಆದ್ರೆ ಇದಕ್ಕೆ ಅವಸರ ಅಂದ್ರಲ್ಲ, ಅದನ್ನ ಮೊದ್ಲು ವಾಪಸ್ ತಗಳಿ.”